ಗದಗದಂಥ ಸಂಖ್ಯೆ: 12345678987654321 ಅನ್ನು ಹಾಳೆಯ ಮೇಲೆ ಬಿಡಿಸುವುದು ಹೇಗೆ?

ಗದಗ. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಕನಕ, ನಯನ, ಸರಸ ಕೂಡ ಹೀಗೇ. ‘ಕುಬೇರನಿಗೇನಿರಬೇಕು’ ಅಂತ ಹಿಂದುಮುಂದಾಗಿ ಹೇಳಿ ಗೆಳೆಯರನ್ನು ತಬ್ಬಿಬ್ಬು ಮಾಡಿದ ನೆನಪು ನಿಮಗೂ ಇರಬೇಕು. ಸಂಖ್ಯೆಗಳಲ್ಲೂ ಈ ಜಾತಿಯವು ಇವೆ: 121, 1221, 15151. ಪರೀಕ್ಷೆಯ ಪುಸ್ತಕಗಳಲ್ಲಿ ಇವಕ್ಕೆ ಪ್ಯಾಲಿಂಡ್ರೋಮ್ ಅನ್ನುತ್ತಾರೆ. ನಾನು ಇಲ್ಲಿ ‘ಗದಗ ಸಂಖ್ಯೆ’ ಅಂತಲೇ ಬರೆಯುತ್ತೇನೆ. ಬಾಯಿಗೂ ಸಲೀಸು, ಅರ್ಥವೂ ಹೆಸರಲ್ಲೇ ಇದೆ.

ಧಾರವಾಡದ ಸಪ್ತಾಪುರದ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ‘ಸರ್, ಇಷ್ಟುದ್ದ ಸಂಖ್ಯೆ ಕೊಟ್ಟರೆ ಎಲ್ಲಿಂದ ಶುರು ಮಾಡೋದು?’ ಉದಾಹರಣೆಗೆ ಹೆಚ್ಚಾಗಿ ತರುವುದು 12345678987654321. ಇದು ಅವಿಭಾಜ್ಯವೇ? ಯಾವ್ಯಾವುದರಿಂದ ಭಾಗ ಹೋಗುತ್ತದೆ? ಒಟ್ಟು ಭಾಜಕಗಳೆಷ್ಟು? ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿ, ಒಂದೇ ಕಡೆ ಪೂರ್ತಿ ಬರೆಯುತ್ತಿದ್ದೇನೆ.

ಜಾಸ್ತಿ ಜನ ಸಂಖ್ಯೆ ಕಂಡ ಕೂಡಲೇ ಭಾಗಾಕಾರಕ್ಕೆ ಇಳಿಯುತ್ತಾರೆ. ಬೇಡ. ಗದಗ ಸಂಖ್ಯೆಯ ಅರ್ಧ ಗುಟ್ಟು ಅದರ ಆಕಾರದಲ್ಲೇ ಇರುತ್ತದೆ. ಮೊದಲು ನೋಡಬೇಕು, ಆಮೇಲೆ ಲೆಕ್ಕ.

ಏನೇನು ಬೇಕು

ಗೆರೆ ಇರುವ ಹಾಳೆ, ಪೆನ್ಸಿಲ್, 20ರ ತನಕ ಮಗ್ಗಿ. ಚೌಕುಳಿ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದು, ಅಂಕಿಗಳು ಒಂದರ ಕೆಳಗೊಂದು ನೆಟ್ಟಗೆ ಕೂರುತ್ತವೆ. ಅರ್ಧ ದಿನದ ಬಿಡುವು ಬೇಕಿಲ್ಲ, ಒಂದು ತಾಸು ಸಾಕು.

ಕ್ಯಾಲ್ಕುಲೇಟರ್ ಬಗ್ಗೆ ಈಗಲೇ ಎಚ್ಚರಿಕೆ. ಈ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಹಾಕಿ ನೋಡಿ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತದೆ. ನಮ್ಮದು 17 ಅಂಕಿ. ಹಾಗಾಗಿ ಅದು ಸದ್ದಿಲ್ಲದೆ 12345678987654300 ಅಂತ ಮಾಡಿಕೊಳ್ಳುತ್ತದೆ. ಕೊನೆಯ ಎರಡು ಅಂಕಿ ಹೋಯಿತು, ಗದಗವೂ ಹೋಯಿತು. ಬ್ರೌಸರ್‌ನ ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ 12345678987654320 ಅನ್ನುತ್ತದೆ. ಬೆಸ ಸಂಖ್ಯೆ ಕೊಟ್ಟಿರಿ, ಸಮ ಸಂಖ್ಯೆ ವಾಪಸ್ ಬಂತು! ಈ ತಪ್ಪು ಸಂಖ್ಯೆಯನ್ನು ಹಿಡಿದುಕೊಂಡು ‘2ರಿಂದ ಭಾಗ ಹೋಗುತ್ತದೆ ಸರ್’ ಅಂತ ವಾದ ಮಾಡಿದವರೂ ಇದ್ದಾರೆ.

ನಾಲ್ಕು ಮಾತುಗಳ ಅರ್ಥ ತಿಳಿದಿರಲಿ. ಅವಿಭಾಜ್ಯ ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ, 1ಕ್ಕಿಂತ ದೊಡ್ಡ ಸಂಖ್ಯೆ: 2, 3, 5, 7, 11 ಹೀಗೆ. ಭಾಜಕ ಅಂದರೆ ಶೇಷ ಉಳಿಸದೆ ಭಾಗಿಸುವ ಸಂಖ್ಯೆ. ಶೇಷ ಅಂದರೆ ಭಾಗಿಸಿದ ಮೇಲೆ ಉಳಿದದ್ದು. ಅಂಕಿಮೊತ್ತ ಅಂದರೆ ಎಲ್ಲ ಅಂಕಿಗಳನ್ನು ಕೂಡಿದರೆ ಬರುವುದು.

ಹಂತ 1: ಬರೆಯಿರಿ, ಎಣಿಸಿ, ತಿರುಗಿಸಿ

1 2 3 4 5 6 7 8 9 8 7 6 5 4 3 2 1. ಅಂಕಿಗಳು 17. ನಡುವೆ ಒಂಟಿಯಾಗಿ ಕೂತಿರುವುದು 9. ಹಿಂದಿನಿಂದ ಬರೆದು ಒಂದೊಂದೇ ಅಂಕಿ ಹೋಲಿಸಿ. ಇದು ನೂರಿಪ್ಪತ್ತಮೂರು ಕೋಟಿ ಕೋಟಿಗೂ ಜಾಸ್ತಿ ಬೆಲೆಯ ಸಂಖ್ಯೆ. ಒಂದು ಅಂಕಿ ತಪ್ಪಿದರೂ ಮುಂದಿನ ಎಲ್ಲ ಕೆಲಸ ನೀರಲ್ಲಿ ಹೋಮ.

ಇಲ್ಲೊಂದು ಗುಂಡಿ ಇದೆ, ದಿನಾಂಕಗಳ ಲೆಕ್ಕದಲ್ಲಿ ತುಂಬಾ ಜನ ಬೀಳುತ್ತಾರೆ. 02-02-2020 ಗದಗ ದಿನಾಂಕ ಅಂತ ಎಲ್ಲರೂ ಹೇಳುತ್ತಿದ್ದರು. ಬರಹದಲ್ಲಿ ಹೌದು, 02022020. ಆದರೆ ಸಂಖ್ಯೆಯಾಗಿ ಬರೆದರೆ ಮುಂದಿನ ಸೊನ್ನೆ ನಿಲ್ಲುವುದಿಲ್ಲ: 2022020. ಇದನ್ನು ತಿರುಗಿಸಿದರೆ ಅದೇ ಬರುವುದಿಲ್ಲ. 22-02-2022 ಆದರೆ ಎರಡೂ ರೀತಿಯಲ್ಲಿ ಸರಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆ ಇಲ್ಲ, ಸೊನ್ನೆಯಲ್ಲಿ ಮುಗಿಯುವ ಗದಗ ಸಂಖ್ಯೆಯೂ ಇಲ್ಲ (ಬರೀ 0 ಬಿಟ್ಟು).

ಹಂತ 2: ಕೊನೆಯ ಅಂಕಿ

ಇದು ಅರ್ಧ ನಿಮಿಷದ ಕೆಲಸ. ಗದಗ ಸಂಖ್ಯೆಯ ಕೊನೆಯ ಅಂಕಿಯೂ ಮೊದಲ ಅಂಕಿಯೂ ಒಂದೇ. ಆದ್ದರಿಂದ ಅದು 2, 4, 6, 8ರಿಂದ ಶುರುವಾದರೆ ಸಮ ಸಂಖ್ಯೆ, 5ರಿಂದ ಶುರುವಾದರೆ 5ರಿಂದ ಭಾಗ ಹೋಗುತ್ತದೆ. ನಮ್ಮದು 1ರಿಂದ ಶುರು. 2, 5 ಎರಡೂ ಇಲ್ಲ. ಮುಂದೆ ನಡೆಯಿರಿ.

ಹಂತ 3: 11ರ ಪರೀಕ್ಷೆ

ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ಉಳಿದವನ್ನು ಕಳೆಯಿರಿ. ಬಂದ ಉತ್ತರ 11ರಿಂದ ಭಾಗ ಹೋದರೆ ಮೂಲ ಸಂಖ್ಯೆಯೂ ಹೋಗುತ್ತದೆ.

ಇದನ್ನು ಮೊದಲು ಗಾಡಿ ನಂಬರಿನ ಮೇಲೆ ಮಾಡಿ. ಕೆಎ 25 ಧಾರವಾಡ, ಕೆಎ 63 ಹುಬ್ಬಳ್ಳಿ. ಫ್ಯಾನ್ಸಿ ನಂಬರ್ ಅಂತ ಜನ ಹುಡುಕಿ ಹಾಕಿಸಿಕೊಳ್ಳುವ 1221, 4554, 7777 ನೋಡಿ. 1 − 2 + 2 − 1 = 0. 4 − 5 + 5 − 4 = 0. ಯಾವಾಗಲೂ ಸೊನ್ನೆಯೇ. ಯಾಕೆಂದರೆ ಅಂಕಿಗಳ ಸಂಖ್ಯೆ ಸಮವಾಗಿದ್ದಾಗ ಒಂದು ಅಂಕಿ ಕೂಡುವ ಜಾಗದಲ್ಲಿದ್ದರೆ ಅದರ ಜೋಡಿ ಕಳೆಯುವ ಜಾಗದಲ್ಲಿ ಇರುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. 1001ರಿಂದ 9999ರ ತನಕ ನಾಲ್ಕಂಕಿಯ ಗದಗ ಸಂಖ್ಯೆಗಳು 90 ಇವೆ. ಅಷ್ಟೂ 11ರಿಂದ ಭಾಗ ಹೋಗುತ್ತವೆ, ಒಂದೂ ಅವಿಭಾಜ್ಯವಲ್ಲ. ಹತ್ತಂಕಿಯ ಮೊಬೈಲ್ ನಂಬರ್ ಗದಗವಾಗಿದ್ದರೂ ಇದೇ ಕಥೆ. ಸಮ ಅಂಕಿಗಳಿರುವ ಗದಗ ಸಂಖ್ಯೆಗಳಲ್ಲಿ ಅವಿಭಾಜ್ಯ ಅಂತ ಇರುವುದು ಒಂದೇ: 11.

ಎರಡು ಎಚ್ಚರಿಕೆ. ಒಂದು, ಸೊನ್ನೆಯೇ ಬರಬೇಕು ಅಂತಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. 1 − 5 + 0 − 7 = −11. ಇದೂ ಪಾಸ್. 1507 = 11 × 137. (ಸುಮ್ನೆ ಒಂದು ಆಟ: 1507ನ್ನು ತಿರುಗಿಸಿ 7051 ಮಾಡಿ, ಎರಡನ್ನೂ ಕೂಡಿ. 8558 ಬರುತ್ತದೆ. ಗದಗ!) ಎರಡು, ಬೆಸ ಅಂಕಿಗಳಿದ್ದರೆ 11ರಿಂದ ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ. 121 ಕಣ್ಣ ಮುಂದೆಯೇ ಇದೆ, ಅಲ್ವಾ?

ಈಗ ನಮ್ಮ ಸಂಖ್ಯೆ. ಒಂದು ಕಡೆ 1 + 3 + 5 + 7 + 9 + 7 + 5 + 3 + 1 = 41. ಇನ್ನೊಂದು ಕಡೆ 2 + 4 + 6 + 8 + 8 + 6 + 4 + 2 = 40. ವ್ಯತ್ಯಾಸ 1. ಅಂದರೆ 11ರಿಂದ ಭಾಗಿಸಿದರೆ ಶೇಷ 1. ಹೋಗುವುದಿಲ್ಲ. ಈ ‘ಶೇಷ 1’ ಅನ್ನುವುದನ್ನು ಪಕ್ಕದಲ್ಲಿ ಬರೆದಿಡಿ, ತಾಳೆ ನೋಡಲು ಬೇಕಾಗುತ್ತದೆ.

ಹಂತ 4: 3, 9, ಆಮೇಲೆ 27 ಮತ್ತು 81

ಅಂಕಿಮೊತ್ತ ತೆಗೆಯಿರಿ. 1ರಿಂದ 8ರ ತನಕ ಕೂಡಿದರೆ 36. ಎರಡು ಬದಿ ಸೇರಿ 72. ನಡುವಿನ 9 ಸೇರಿ 81. 9ರಿಂದ ಹೋಗುತ್ತದೆ, ಹಾಗಾಗಿ ಸಂಖ್ಯೆಯೂ 9ರಿಂದ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತಿರುವ ನಿಯಮ.

ಗೊಂದಲ ಶುರುವಾಗುವುದು ಇಲ್ಲಿಂದ. ಅಂಕಿಮೊತ್ತ 27 ಬಂದರೆ 27ರಿಂದ ಹೋಗುತ್ತದೆಯೇ? ಸಾಮಾನ್ಯ ಸಂಖ್ಯೆಗೆ ಇದು ನಡೆಯುವುದಿಲ್ಲ. 9981ರ ಅಂಕಿಮೊತ್ತ 27, ಆದರೆ 27ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ. ‘ಈ ನಿಯಮ ತಪ್ಪು’ ಅಂತ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ, ಸರಿಯಾಗಿಯೇ ಹೇಳಿಕೊಟ್ಟಿರುತ್ತಾರೆ. ಆದರೆ ಗದಗ ಸಂಖ್ಯೆಗೆ ಈ ನಿಯಮ ನಡೆಯುತ್ತದೆ! 27ಕ್ಕೂ ನಡೆಯುತ್ತದೆ, 81ಕ್ಕೂ ನಡೆಯುತ್ತದೆ. ನನಗೆ ಈ ಇಡೀ ಲೆಕ್ಕದಲ್ಲಿ ತುಂಬಾ ಇಷ್ಟವಾದ ಜಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರೋಣ.

1, 10, 100, 1000 ಹೀಗೆ ಒಂದೊಂದು ಸ್ಥಾನದ ಬೆಲೆಯನ್ನೂ 81ರಿಂದ ಭಾಗಿಸಿ ಶೇಷ ಬರೆಯಿರಿ:

1, 10, 19, 28, 37, 46, 55, 64, 73, ಮತ್ತೆ 1, 10, 19...

ಪ್ರತಿ ಹೆಜ್ಜೆಗೆ 9 ಏರುತ್ತದೆ. 73 ಆದ ಮೇಲೆ 82 ಬರಬೇಕು, ಅದರಲ್ಲಿ 81 ಹೋಗಿ 1 ಉಳಿಯುತ್ತದೆ. ಅಷ್ಟೇ.

ಈಗ ಗದಗ ಸಂಖ್ಯೆಯ ಎರಡು ತುದಿಗಳಲ್ಲಿ ಇಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಇಬ್ಬರೂ ನಡುವಿನ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತಾರೆ. ಬಲಗಡೆಯವನ ಸ್ಥಾನದ ಶೇಷ 9 ಏರುತ್ತದೆ. ಎಡಗಡೆಯವನದು 9 ಇಳಿಯುತ್ತದೆ. ಹಾಗಾಗಿ ಇಬ್ಬರದೂ ಸೇರಿದರೆ ಬರುವ ಮೊತ್ತ ಬದಲಾಗುವುದೇ ಇಲ್ಲ.

ಚಿಕ್ಕದರಲ್ಲಿ ಪರೀಕ್ಷಿಸಿ. ಐದಂಕಿಯ ಗದಗ ಸಂಖ್ಯೆಯಲ್ಲಿ ಹೊರಗಿನ ಜೋಡಿಯ ಬೆಲೆ 10001, ಒಳಗಿನ ಜೋಡಿಯದು 1010, ನಡುವಿನದನ್ನು ಎರಡು ಸಲ ಹಿಡಿದರೆ 200. ಮೂರನ್ನೂ 81ರಿಂದ ಭಾಗಿಸಿ. ಮೂರಕ್ಕೂ ಶೇಷ 38. ಒಂದು ಸಲ ಕೈಯಾರೆ ಮಾಡಿ ನೋಡಿ, ಸುಮ್ನೆ ನಂಬಬೇಡಿ.

ನಮ್ಮ 17 ಅಂಕಿಯಲ್ಲಿ ಈ ಶೇಷ 38ರ ಬದಲು 65. ತುದಿಯ ಜೋಡಿ 1 + 64, ಮುಂದಿನದು 10 + 55, ಆಮೇಲೆ 19 + 46. ಎಲ್ಲ 65. ನಡುವಿನ ಸ್ಥಾನದ ಶೇಷ 73, ಅದರ ಎರಡು ಪಟ್ಟು 146, ಅದರಲ್ಲಿ 81 ಕಳೆದರೆ ಮತ್ತೆ 65. ಅಂದರೆ ಸಂಖ್ಯೆಯ ಎರಡು ಪಟ್ಟನ್ನು 81ರಿಂದ ಭಾಗಿಸಿದರೂ, ಅಂಕಿಮೊತ್ತದ 65 ಪಟ್ಟನ್ನು ಭಾಗಿಸಿದರೂ ಒಂದೇ ಶೇಷ. 2ಕ್ಕಾಗಲಿ 65ಕ್ಕಾಗಲಿ 81ರ ಜೊತೆ ಯಾವ ಸಂಬಂಧವೂ ಇಲ್ಲ, 3 ಅನ್ನುವುದು ಅವುಗಳ ಒಳಗಿಲ್ಲ. ಹಾಗಾಗಿ ಅಂಕಿಮೊತ್ತ 81ರಿಂದ ಹೋದರೆ ಸಂಖ್ಯೆಯೂ ಹೋಗುತ್ತದೆ, ಮೊತ್ತ ಹೋಗದಿದ್ದರೆ ಸಂಖ್ಯೆಯೂ ಹೋಗುವುದಿಲ್ಲ. ಅಂಕಿಗಳು ಎಷ್ಟೇ ಇದ್ದರೂ ಇದೇ ವಾದ ನಡೆಯುತ್ತದೆ.

ನಮ್ಮ ಅಂಕಿಮೊತ್ತ ಸರಿಯಾಗಿ 81. ಒಂದೇ ಒಂದು ಭಾಗಾಕಾರ ಮಾಡದೆ 3 × 3 × 3 × 3 ಕೈಗೆ ಬಂತು.

ಎಚ್ಚರಿಕೆ: 243ಕ್ಕೆ ಈ ಉಪಾಯ ಎಳೆಯಬೇಡಿ. 81ರಲ್ಲೇ ಇದರ ಗಡಿ ಮುಗಿಯುತ್ತದೆ.

ಹಂತ 5: ಮೂರು ಮೂರು ಅಂಕಿಯ ಕಟ್ಟು

ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ:

12 | 345 | 678 | 987 | 654 | 321

ಇಲ್ಲಿ ಆಗುವ ತಪ್ಪು ನಮ್ಮ ಲಕ್ಷ, ಕೋಟಿಯ ಅಲ್ಪವಿರಾಮದಿಂದ. ಬ್ಯಾಂಕಿನ ಪಾಸ್‌ಬುಕ್ ನೋಡಿ ಅಭ್ಯಾಸವಾದ ಕೈ ಮೊದಲು ಮೂರು, ಆಮೇಲೆ ಎರಡೆರಡು ಅಂತ ಕತ್ತರಿಸಿಬಿಡುತ್ತದೆ. ಇಲ್ಲಿ ಕೊನೆಯ ತನಕ ಮೂರೇ. ಎಡಗಡೆ ಉಳಿದದ್ದು ಒಂದೋ ಎರಡೋ ಇದ್ದರೆ ಇರಲಿ.

ಈ ಕಟ್ಟುಗಳಿಂದ ಎರಡು ಕೆಲಸ ಆಗುತ್ತದೆ.

ಮೊದಲನೆಯದು, ಬಲದಿಂದ ಒಂದು ಕೂಡಿ ಒಂದು ಕಳೆಯುತ್ತಾ ಹೋಗಿ: 321 − 654 + 987 − 678 + 345 − 12 = 309. ಇದು 7, 11, 13 ಮೂರಕ್ಕೂ ಒಟ್ಟಿಗೆ ಪರೀಕ್ಷೆ, ಏಕೆಂದರೆ 7 × 11 × 13 = 1001. 309ನ್ನು 7ರಿಂದ ಭಾಗಿಸಿದರೆ ಶೇಷ 1, 11ರಿಂದ 1, 13ರಿಂದ 10. ಮೂರೂ ಹೋಗುವುದಿಲ್ಲ. 11ರ ಶೇಷ 1 ಅಂತ ಹಂತ 3ರಲ್ಲಿ ಬರೆದಿಟ್ಟಿದ್ದಿರಿ. ತಾಳೆ ಆಯಿತು. ತಾಳೆ ಆಗದಿದ್ದರೆ ಮುಂದೆ ಹೋಗಬೇಡಿ, ಎಲ್ಲೋ ಕೂಡುವಾಗ ಕೈ ತಪ್ಪಿದೆ.

ಎರಡನೆಯದು, ಎಲ್ಲ ಕಟ್ಟುಗಳನ್ನೂ ಸುಮ್ನೆ ಕೂಡಿ: 12 + 345 + 678 + 987 + 654 + 321 = 2997. ಇದು 999ರ ಮೂರು ಪಟ್ಟು. 999 = 27 × 37. ಹಾಗಾಗಿ ನಮ್ಮ ಸಂಖ್ಯೆ 37ರಿಂದಲೂ ಹೋಗುತ್ತದೆ. ಕೈಗೆ ಸಿಕ್ಕಿದ್ದು ಈಗ 81 ಮತ್ತು 37.

ಹಂತ 6: ಪೂರ್ಣವರ್ಗವೇ?

ಪೂರ್ಣವರ್ಗ ಅಂದರೆ ಒಂದು ಪೂರ್ಣ ಸಂಖ್ಯೆಯನ್ನು ಅದರಿಂದಲೇ ಗುಣಿಸಿ ಬಂದದ್ದು. ಕೊನೆಯ ಅಂಕಿ 2, 3, 7, 8 ಇದ್ದರೆ ಪೂರ್ಣವರ್ಗ ಆಗಲಾರದು. ನಮ್ಮದು 1, ಆಗಬಹುದು. ‘ಆಗಬಹುದು’ ಬೇರೆ, ‘ಆಗಿದೆ’ ಬೇರೆ. 131 ಕೂಡ 1ರಲ್ಲೇ ಮುಗಿಯುತ್ತದೆ, ಅದು ಅವಿಭಾಜ್ಯ.

ಇಲ್ಲಿ ಮತ್ತೆ ಆಕಾರ ನೋಡಿ. 11 × 11 = 121. 111 × 111 = 12321. 1111ರ ವರ್ಗ 1234321. ಗುಣಾಕಾರವನ್ನು ಮೆಟ್ಟಿಲಂತೆ ಬರೆದರೆ ಒಂದೊಂದು ಸಾಲೂ ಒಂದು ಮನೆ ಎಡಕ್ಕೆ ಸರಿಯುತ್ತದೆ. ಕಂಬಗಳಲ್ಲಿ 1, 2, 3 ಅಂತ ಒಂದುಗಳು ಪೇರಿಸಿಕೊಳ್ಳುತ್ತಾ ಹೋಗಿ, ನಡುವೆ ಎತ್ತರವಾಗಿ, ಮತ್ತೆ ಇಳಿಯುತ್ತವೆ. ಒಂಬತ್ತು ಒಂದುಗಳಿದ್ದರೆ ನಡುವಿನ ಕಂಬದಲ್ಲಿ 9. ಅಂದರೆ

111111111 × 111111111 = 12345678987654321.

ಹತ್ತು ಒಂದುಗಳಿಗೆ ಇದನ್ನು ಎಳೆಯಬೇಡಿ. ನಡುವಿನ ಕಂಬದಲ್ಲಿ 10 ಬರುತ್ತದೆ, ದಶಕ ಪಕ್ಕಕ್ಕೆ ಹೋಗುತ್ತದೆ, ಆಕಾರ ಕೆಡುತ್ತದೆ. ಬರುವ ಉತ್ತರ 1234567900987654321. ತಿರುಗಿಸಿ ನೋಡಿ, ಗದಗವಲ್ಲ.

ಈ ಏರಿಳಿಯುವ ಸಂಖ್ಯೆಗಳಿಗೆ ನಮ್ಮ ನೆಲದಲ್ಲಿ ಹಳೆಯ ನಂಟು ಇದೆ. ಸುಮಾರು 850ರಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಆಗ ಪುಲಿಗೆರೆ, ಅಂದರೆ ಈಗ ಗದಗ ಜಿಲ್ಲೆಯಲ್ಲಿರುವ ಲಕ್ಷ್ಮೇಶ್ವರದ ಸೀಮೆಯೂ ಅದೇ ರಾಜ್ಯದಲ್ಲಿತ್ತು. ಅವರು 12345654321 ಅನ್ನು ‘ಒಂದರಿಂದ ಆರರ ತನಕ ಏರಿ ಕ್ರಮವಾಗಿ ಇಳಿಯುವುದು’ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. 27994681 × 441 ಮಾಡಿದರೆ ಅದು ಬರುತ್ತದೆ. 12345679 × 9 = 111111111 ಕೂಡ ಅವರ ಗುಣಾಕಾರದ ಉದಾಹರಣೆಗಳಲ್ಲಿದೆ. ಇದು ನಮಗೆ ಮುಂದಿನ ಹಂತದಲ್ಲೇ ಬೇಕು. ಬಹಳ ಕಾಲದ ನಂತರ ದೇವಳಾಲಿಯ ಶಾಲಾ ಮೇಷ್ಟ್ರು ಕಾಪ್ರೇಕರ್ (1905–1986) ಈ ಬಗೆಯ ಸಂಖ್ಯೆಗಳಿಗೆ ‘ಡೆಮ್ಲೋ’ ಅಂತ ಒಂದು ರೈಲು ನಿಲ್ದಾಣದ ಹೆಸರಿಟ್ಟರು. ನಾನು ಗದಗ ಅಂತ ಇಟ್ಟರೆ ತಪ್ಪಿಲ್ಲ, ಅಲ್ವಾ?

ಹಂತ 7: ಒಂಬತ್ತು ಒಂದುಗಳನ್ನು ಒಡೆಯುವುದು

ಈಗ 17 ಅಂಕಿಯ ಕೆಲಸ 9 ಅಂಕಿಗೆ ಇಳಿಯಿತು. 111111111 ಅಂದರೆ 111, 111, 111. ಆದ್ದರಿಂದ

111111111 = 111 × 1001001.

111 = 3 × 37. 1001001ರ ಅಂಕಿಮೊತ್ತ 3, ಹಾಗಾಗಿ 3ರಿಂದ ಹೋಗುತ್ತದೆ: 1001001 = 3 × 333667.

ಒಟ್ಟು 111111111 = 3 × 3 × 37 × 333667. ಇದರಲ್ಲಿ 37 × 333667 = 12345679, ಮಹಾವೀರಾಚಾರ್ಯರ ಅದೇ ಸಂಖ್ಯೆ. ಅದರಲ್ಲಿ 8 ಯಾಕೆ ಇಲ್ಲ ಅಂತ ಕೇಳುವವರು ಒಮ್ಮೆ 9ರಿಂದ ಗುಣಿಸಿ, ದಶಕ ಎಲ್ಲಿ ಹೋಗುತ್ತದೆ ನೋಡಲಿ.

333667 ಅವಿಭಾಜ್ಯವೇ? ಇಲ್ಲಿಯೇ ಜನ ಅವಸರ ಮಾಡುವುದು. ‘ಚಿಕ್ಕ ಸಂಖ್ಯೆಗಳಿಂದ ಹೋಗಲಿಲ್ಲ, ಅವಿಭಾಜ್ಯ’ ಅಂತ ಬರೆದು ಎದ್ದುಬಿಡುತ್ತಾರೆ. ಅವರಿಗೆ ನಾನು ಕೊಡುವುದು 15151. ಇದನ್ನು 100ರ ಒಳಗಿನ 25 ಅವಿಭಾಜ್ಯಗಳಿಂದಲೂ ಭಾಗಿಸಿ. ಒಂದೂ ಹೋಗುವುದಿಲ್ಲ. ಆದರೂ ಅದು ಅವಿಭಾಜ್ಯವಲ್ಲ: 15151 = 109 × 139. ಇದೂ ಮಹಾವೀರಾಚಾರ್ಯರ ಗುಣಾಕಾರವೇ.

ನಿಯಮ ಇಷ್ಟು: ವರ್ಗಮೂಲದ ತನಕ ಎಲ್ಲ ಅವಿಭಾಜ್ಯಗಳನ್ನೂ ಪರೀಕ್ಷಿಸಬೇಕು. 577ರ ವರ್ಗ 332929, 578ರ ವರ್ಗ 334084. ಹಾಗಾಗಿ 333667ಕ್ಕೆ 577ರ ತನಕ ಹೋಗಬೇಕು. ಅಲ್ಲಿಯವರೆಗೆ 106 ಅವಿಭಾಜ್ಯಗಳಿವೆ. ಒಂದು ತಾಸಲ್ಲಿ ಮುಗಿಯುವುದಿಲ್ಲ. ಆದರೆ ಅಡ್ಡದಾರಿ ಇದೆ.

ಒಂದು ಅವಿಭಾಜ್ಯ ಸಂಖ್ಯೆ 333667ನ್ನು ಭಾಗಿಸುತ್ತದೆ ಅಂದರೆ 1001001ನ್ನೂ ಭಾಗಿಸಬೇಕು. 1001001 × 999 = 999999999. ಹಾಗಾಗಿ ಅದು ಒಂಬತ್ತು ಒಂಬತ್ತುಗಳನ್ನೂ ಭಾಗಿಸುತ್ತದೆ. ಅಂದರೆ 1ರ ಮುಂದೆ ಒಂಬತ್ತು ಸೊನ್ನೆ ಇಟ್ಟು ಅದರಿಂದ ಭಾಗಿಸಿದರೆ ಶೇಷ 1. ಮೂರೇ ಸೊನ್ನೆಗೆ ಶೇಷ 1 ಬರಲಾರದು. ಬಂದರೆ 1001001ಕ್ಕೆ ಶೇಷ 1 + 1 + 1 = 3 ಆಗುತ್ತದೆ, ಅದು ಸೊನ್ನೆ ಆಗಬೇಕಾದರೆ ಭಾಜಕ 3 ಒಂದೇ. 333667 ಅಂತೂ 3ರಿಂದ ಹೋಗುವುದಿಲ್ಲ (ಅಂಕಿಮೊತ್ತ 28). ಆದ್ದರಿಂದ 1, 10, 100, 1000... ಇವುಗಳ ಶೇಷಗಳು ಸರಿಯಾಗಿ ಒಂಬತ್ತು ಹೆಜ್ಜೆಗೊಮ್ಮೆ ಮರುಕಳಿಸುತ್ತವೆ.

ಇಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಹೇಳಿದ ಒಂದು ಮಾತು ಕೈ ಹಿಡಿಯುತ್ತದೆ. ಅವಿಭಾಜ್ಯ ಸಂಖ್ಯೆಯಲ್ಲಿ 1 ಕಳೆಯಿರಿ, ಬಂದಷ್ಟು ಸೊನ್ನೆಗಳನ್ನು 1ರ ಮುಂದೆ ಇಡಿ, ಅದೇ ಅವಿಭಾಜ್ಯದಿಂದ ಭಾಗಿಸಿ: ಶೇಷ 1 (2 ಮತ್ತು 5 ಬಿಟ್ಟು). ಹಾಗಾದರೆ ನಮ್ಮ ಒಂಬತ್ತು ಹೆಜ್ಜೆಯ ಸುತ್ತು ಆ ಅವಧಿಯಲ್ಲಿ ಪೂರ್ತಿ ಪೂರ್ತಿ ಕೂರಬೇಕು. ಅಂದರೆ ಅವಿಭಾಜ್ಯದಲ್ಲಿ 1 ಕಳೆದದ್ದು 9ರಿಂದ ಭಾಗ ಹೋಗಬೇಕು. ಬೆಸ ಸಂಖ್ಯೆಯಲ್ಲಿ 1 ಕಳೆದರೆ ಸಮ, ಹಾಗಾಗಿ 18ರಿಂದಲೇ ಹೋಗಬೇಕು.

ಈ ಜರಡಿಯಲ್ಲಿ 106 ಹೋಗಿ ಉಳಿಯುವುದು ಬರೀ 17:

19, 37, 73, 109, 127, 163, 181, 199, 271, 307, 379, 397, 433, 487, 523, 541, 577.

ಒಂದೊಂದರಿಂದಲೂ ಭಾಗಿಸಿ. 37ಕ್ಕೆ ಶೇಷ 1, ಕೂದಲೆಳೆಯಲ್ಲಿ ತಪ್ಪಿತು. 163ಕ್ಕೆ 6. 19ಕ್ಕೆ 8. ಯಾವುದಕ್ಕೂ ಸೊನ್ನೆ ಬರುವುದಿಲ್ಲ. 333667 ಅವಿಭಾಜ್ಯ, ಈಗ ಧೈರ್ಯವಾಗಿ ಬರೆಯಿರಿ.

ಹಂತ 8: ಪೂರ್ತಿ ಚಿತ್ರ

ವರ್ಗ ಆದ್ದರಿಂದ ಪ್ರತಿ ಅವಿಭಾಜ್ಯವೂ ಇಮ್ಮಡಿ ಸಲ ಬರುತ್ತದೆ:

12345678987654321 = 3⁴ × 37² × 333667²

ಹಂತ 4ರಲ್ಲಿ ಸಿಕ್ಕ 81, ಹಂತ 5ರಲ್ಲಿ ಸಿಕ್ಕ 37 ಎರಡೂ ಇದರೊಳಗಿವೆ. ಬರೀ 37 ಅಲ್ಲ, ಎರಡು 37. ಒಮ್ಮೆ ಹೋಯಿತು ಅಂತ ಬಿಟ್ಟುಬಿಡದೆ ಅದೇ ಅವಿಭಾಜ್ಯದಿಂದ ಮತ್ತೆ ಮತ್ತೆ ಭಾಗಿಸಿ ನೋಡಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ.

ಭಾಜಕಗಳ ಸಂಖ್ಯೆಗೆ ಪ್ರತಿ ಘಾತಕ್ಕೆ (ಮೇಲೆ ಬರೆದ ಚಿಕ್ಕ ಅಂಕಿ) 1 ಕೂಡಿ, ಗುಣಿಸಿ: 5 × 3 × 3 = 45. ಬೆಸ ಬಂತು. ಪೂರ್ಣವರ್ಗಕ್ಕೆ ಮಾತ್ರ ಹೀಗೆ ಬೆಸ ಬರುತ್ತದೆ, ಹಂತ 6ಕ್ಕೆ ಇದು ಮತ್ತೊಂದು ತಾಳೆ.

ಭಾಜಕಗಳನ್ನೆಲ್ಲ ಕೂಡಬೇಕಾದರೆ: 3⁴ರ ಭಾಗಕ್ಕೆ 1 + 3 + 9 + 27 + 81 = 121, 37²ಕ್ಕೆ 1 + 37 + 1369 = 1407, 333667²ಕ್ಕೆ 1 + 333667 + 111333666889 = 111334000557. ಮೂರನ್ನೂ ಗುಣಿಸಿದರೆ 18954279592827579. ಇದರಲ್ಲಿ ಮೂಲ ಸಂಖ್ಯೆ ಕಳೆದರೆ ಉಳಿಯುವುದು 6608600605173258, ಮೂಲಕ್ಕಿಂತ ಕಡಿಮೆ. ಇಂಥದ್ದನ್ನು ಕೊರತೆ ಸಂಖ್ಯೆ ಅನ್ನಬಹುದು: ತನ್ನ ಚಿಕ್ಕ ಭಾಜಕಗಳೆಲ್ಲ ಸೇರಿದರೂ ತನ್ನಷ್ಟಾಗುವುದಿಲ್ಲ.

45 ಭಾಜಕಗಳಲ್ಲಿ ಗದಗ ಸಂಖ್ಯೆಗಳನ್ನು ಹುಡುಕುವುದು ಒಳ್ಳೆಯ ಆಟ. 111, 333, 999, 12321, 1001001 ಹೀಗೆ ಸಿಗುತ್ತಾ ಹೋಗುತ್ತವೆ. 111ರ ವರ್ಗ 12321, 1001001ರ ವರ್ಗ 1002003002001. ಎರಡೂ ಗದಗ. ಎರಡನ್ನೂ ಗುಣಿಸಿದರೆ ನಮ್ಮ ದೊಡ್ಡ ಗದಗ.

ಹಂತ 9: ಕಂಪ್ಯೂಟರಿನಲ್ಲಿ ತಾಳೆ

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸಿ, ಅದರಲ್ಲಿ ಪೂರ್ಣ ಸಂಖ್ಯೆ ಎಷ್ಟುದ್ದ ಇದ್ದರೂ ಅಂಕಿ ಕಳೆಯುವುದಿಲ್ಲ. ಆದರೆ ಭಾಗಿಸುವಾಗ ಒಂದು ಓರೆಗೆರೆ ಹಾಕಿದರೆ ಅದು ದಶಮಾಂಶಕ್ಕೆ ತಿರುಗಿ, ಎಕ್ಸೆಲ್‌ನ ಹಳೆಯ ರೋಗವೇ ಮರಳಿ ಬರುತ್ತದೆ. ಎರಡು ಓರೆಗೆರೆ ಹಾಕಿ, ಶೇಷಕ್ಕೆ ಶೇಕಡಾ ಚಿಹ್ನೆ ಬಳಸಿ. ವರ್ಗಮೂಲಕ್ಕೂ ಸಾಮಾನ್ಯ ಫಂಕ್ಷನ್ ಬೇಡ, ‘ಐಎಸ್‌ಕ್ಯೂಆರ್‌ಟಿ’ ಅನ್ನುವ ಪೂರ್ಣ ಸಂಖ್ಯೆಯ ಫಂಕ್ಷನ್ ಇದೆ.

ಕಂಪ್ಯೂಟರ್ ಬೇಕೇ ಬೇಕಾಗುವ ಗದಗಗಳೂ ಇವೆ. 1, ಆಮೇಲೆ 13 ಸೊನ್ನೆ, 666, ಮತ್ತೆ 13 ಸೊನ್ನೆ, ಕೊನೆಗೆ 1: ಈ 31 ಅಂಕಿಯ ಸಂಖ್ಯೆ ಅವಿಭಾಜ್ಯ. ಇಂಥ ಅವಿಭಾಜ್ಯ ಗದಗಗಳಿಗೆ ಕೊನೆ ಇದೆಯೋ ಇಲ್ಲವೋ ಅನ್ನುವುದನ್ನು ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ.

ನೀವೇ ಮಾಡಿ: ಎರಡು ದಿನಾಂಕ

11-02-2011. ಸಂಖ್ಯೆಯಾಗಿ 11022011. ಎಂಟಂಕಿ, ಹಾಗಾಗಿ 11 ಖಚಿತ. ಕಟ್ಟು ಮಾಡಿ: 11 | 022 | 011. (ನಡುವಿನ ಕಟ್ಟಿನ ಸೊನ್ನೆ ಬಿಟ್ಟು ಕತ್ತರಿಸಿದರೆ ಎಲ್ಲ ಕೆಡುತ್ತದೆ.) 11 − 22 + 11 = 0. ಅಂದರೆ 1001ರಿಂದಲೇ ಹೋಗುತ್ತದೆ. ಭಾಗಿಸಿದರೆ 11011. ಮತ್ತೆ ಕಟ್ಟು: 11 − 11 = 0. ಮತ್ತೆ 1001ರಿಂದ ಭಾಗಿಸಿ, 11. ಒಟ್ಟು 7² × 11³ × 13². ಭಾಜಕಗಳು 3 × 4 × 3 = 36. ಆ ದಿನ ಹುಟ್ಟಿದ ಮಕ್ಕಳು ಮನೆಯಲ್ಲಿದ್ದರೆ ತೋರಿಸಿ.

ಇನ್ನೊಂದು 22-02-2022. 22022022. ಸಮ, ಆದ್ದರಿಂದ 2. ಎಂಟಂಕಿ, ಆದ್ದರಿಂದ 11. ಅಂಕಿಮೊತ್ತ 12, ಆದ್ದರಿಂದ 3 ಇದೆ, 9 ಇಲ್ಲ. ಮೂರನ್ನೂ ಸೇರಿಸಿ 66ರಿಂದ ಭಾಗಿಸಿ. ಬರುವ ಆರಂಕಿಯ ಸಂಖ್ಯೆ ಅವಿಭಾಜ್ಯವೇ ಅಂತ ಮತ್ತೆ ಪರೀಕ್ಷಿಸುವ ಕಷ್ಟ ಬೇಡ. ಹಂತ 7ರಲ್ಲಿ ಅದನ್ನು 17 ಸಲ ಭಾಗಿಸಿ ಆಗಿದೆ.